ಗೇಟಿನ ಸವತಿ

ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಹೆಂಡತಿ ಬಟ್ಟೆ ಸುತ್ತಿ ತಿರುಚಿದಳು. ಒಳಗಿನ ಬಿಳಿ ಕ್ರೀಮಿಗೆ ಇನ್ನೂ ಯಾರ ಬೆರಳೂ ತಾಕಿರಲಿಲ್ಲ. ಊಟದ ಮೇಜು ಸರಿಸಿದ ಜಾಗದಲ್ಲಿ ಗಂಡ ಮಲಗಿದ್ದ. ಅಂಗೈ ತುಂಬ ಬಿರುಕು.

“ಅತ್ತಿಗೆ, ಹಚ್ಬೇಡಿ,” ಎಂದ ಗಡಿಗೇಟಿನಲ್ಲಿ ಅವನ ಜೊತೆ ಪಾಳಿ ಮಾಡುತ್ತಿದ್ದ ಗೆಳೆಯ. “ಸ್ಮಶಾನ ಇರೋದು ಗೇಟಿನ ಆಚೆ. ಸಿಡಿಮದ್ದು ಮೂಸೋ ಮಷಿನ್ ಕೂಗಿಬಿಡುತ್ತೆ.”

“ಸತ್ತೋರ ಕೈನೂ ಮೂಸುತ್ತಾ ಅದು?” ಮಗಳು ಕೇಳಿದಳು.

“ಶವದ ಜೊತೆ ಸಿಡಿಮದ್ದು ಸಾಗಿಸೋರಿದ್ರಮ್ಮ. ಸತ್ತೋರನ್ನೂ ನೋಡ್ಲೇಬೇಕು ಅಂತ ಹಟ ಹಿಡಿದೋನೇ ನಿಮ್ಮಪ್ಪ, ನಮ್ ಗೇಟಿನ ಮೂಗಪ್ಪ. ಕೂಗ್ತೋ, ಲ್ಯಾಬಿನೋರು ಬರೋವರೆಗೂ ಬಿಡಲ್ಲ. ಸಂಜೆಯಾದ್ರೂ ಆಯ್ತೇ.”

ಆಸ್ಪತ್ರೆಯ ಬೆಂಚಿನ ಮೇಲೆ ವಾರವಿಡೀ ನಿದ್ದೆಗೆಟ್ಟಿದ್ದ ಮಗಳು ಗೋಡೆಗೊರಗಿದಳು. “ಬೇಗ ಮುಗೀಲಿ ಅಮ್ಮ. ನನ್ ಕೈಲಾಗ್ತಿಲ್ಲ.”

ಹೆಂಡತಿಯ ಬೆರಳು ಡಬ್ಬಿಯ ಅಂಚಿನಲ್ಲೇ ನಿಂತಿತು.

*

ಮದುವೆಯಾದ ಹೊಸತು. ನಿದ್ದೆಯಲ್ಲಿದ್ದ ಗಂಡನ ಕೈಗೆ ಅವಳು ಕ್ರೀಮು ಸವರಿದ್ದಳು. ಎಚ್ಚರವಾದವನೇ ಬಚ್ಚಲಿಗೆ ಓಡಿ, ಚರ್ಮ ಕೆಂಪೇರುವವರೆಗೆ ಉಜ್ಜಿ ತೊಳೆದುಕೊಂಡ.

“ಇದರಲ್ಲಿ ಗ್ಲಿಸರಿನ್ ಇದೆ ಕಣೇ. ನನ್ ಕೈಯಿಂದ ಜನರ ಕೈ ಒರೆಸೋ ಬಟ್ಟೆಪಟ್ಟಿಗೆ, ಪಟ್ಟಿಯಿಂದ ಮಷಿನ್ನಿಗೆ. ಅದು ಸಿಡಿಮದ್ದು ಅಂದ್ಕೊಂಡು ಬಾಯಿ ಬಡ್ಕೊಳುತ್ತೆ. ಪಾಪ, ಯಾರೋ ಸುಮ್ನೆ ಸಿಕ್ಕಿಹಾಕ್ಕೋತಾರೆ.”

“ಗ್ಲೌಸ್ ಹಾಕ್ಕೋತೀರಲ್ಲ?”

“ಗ್ಲೌಸ್ ಹಾಕ್ಕೊಳೋದೂ ಇದೇ ಕೈಯಲ್ಲೇ ತಾನೆ?”

“ನನ್ನ ಮುಟ್ಟೋಕೂ ಅವಳ ಪರ್ಮಿಷನ್ ಬೇಕು ಅನ್ನಿ. ಮಷಿನ್ನಲ್ಲ ಅದು, ಸವತಿ!”

ಅವನು ನಕ್ಕ. “ರಿಟೈರ್ ಆಗ್ಲಿ ಬಿಡು. ಡಬ್ಬಿಗಟ್ಟಲೆ ಹಚ್ಚುವೆಯಂತೆ.”

ಅಂದಿನಿಂದ ಅವಳೂ ಕೈಗೆ ಕ್ರೀಮು ಹಚ್ಚುವುದನ್ನು ಬಿಟ್ಟಳು. ಈಗ, ಇಷ್ಟು ವರ್ಷಗಳ ಮೇಲೆ, ಮುಂದಿನ ತಿಂಗಳು ಅವನು ನಿವೃತ್ತನಾಗುವವನಿದ್ದ. ಡಬ್ಬಿಯನ್ನು ಅವಳು ಆಗಲೇ ತಂದಿಟ್ಟಿದ್ದಳು.

*

“ಇವತ್ತು ಡ್ಯೂಟಿ ಇಲ್ಲ ಇವರಿಗೆ,” ಎಂದು ಹೆಂಡತಿ ಡಬ್ಬಿಗೆ ಬೆರಳದ್ದಿದಳು.

ಒಂದೊಂದೇ ಬೆರಳು ಹಿಡಿದು, ಬಿರುಕುಗಳೊಳಗೆ ಇಳಿಯುವ ಹಾಗೆ ತೀಡಿದಳು. ಗೆಳೆಯ ಕಿಟಕಿಯತ್ತ ತಿರುಗಿಕೊಂಡ.

ಶವ ಹೊತ್ತ ವ್ಯಾನು ಗೇಟಿನಲ್ಲಿ ನಿಂತಿತು. ಪಾಳಿಯಲ್ಲಿದ್ದ ಹುಡುಗಿ ಹಿಂಬಾಗಿಲು ತೆರೆದಳು. ಇಟ್ಟಿಗೆಗಿಂತ ತುಸು ದೊಡ್ಡದಾದ ಮಷಿನ್ನು ಅವಳ ಕೈಯಲ್ಲಿತ್ತು. “ಕ್ಷಮಿಸಿ ಅಮ್ಮ. ಸರ್ ನಮಗೆ ಕಲಿಸಿದ್ದೇ ಹೀಗೆ.”

ಅವಳು ಸತ್ತವನ ಅಂಗೈಯನ್ನು ಪಟ್ಟಿಯಿಂದ ಒರೆಸಿ, ಪಟ್ಟಿಯನ್ನು ಮಷಿನ್ನಿನ ಬಾಯಿಗಿಟ್ಟಳು. ಕೆಂಪು ದೀಪ ಹತ್ತಿತು. ಬೆಳಗಿನಿಂದ ಆ ಮನೆಯವರಲ್ಲಿ ಯಾರೂ ದನಿ ತೆಗೆದು ಅತ್ತಿರಲಿಲ್ಲ. ಮಷಿನ್ನು ಗಂಟಲು ಹರಿಯುವಂತೆ ಕೂಗಿಕೊಂಡಿತು.

ಹುಡುಗಿ ಮೆಲ್ಲನೆ ಬಗ್ಗಿದಳು. “ಕ್ರೀಮು ಅಲ್ವಾ ಅಮ್ಮ? ಕೈ ತೊಳೆದುಬಿಡಿ, ಇನ್ನೊಂದ್ಸಲ ನೋಡ್ತೀನಿ. ಕ್ಲೀನ್ ಬಂದ್ರೆ ಈಗ್ಲೇ ಬಿಡಬಹುದು.”

ಹೆಂಡತಿ ಮಗಳ ಮುಖ ನೋಡಿದಳು. ಮಗಳು ಸೋತವಳಂತೆ ವ್ಯಾನಿನ ಮೆಟ್ಟಿಲ ಮೇಲೆ ಕುಳಿತು, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು.

“ತೊಳೆಯೋದು ಬೇಡಮ್ಮ,” ಎಂದಳು ಹೆಂಡತಿ. “ಲ್ಯಾಬಿನೋರನ್ನ ಕರೆಸು. ಕಾಯ್ತೀವಿ.”

ಹಿಂದೆ ಗಾಡಿಗಳ ಸಾಲು ಬೆಳೆಯುತ್ತಿತ್ತು. ಮಷಿನ್ನಿನ ಕೂಗು ನಿಂತಿರಲಿಲ್ಲ. ಅವಳು ಜಿಡ್ಡು ಹತ್ತಿದ ತನ್ನ ಕೈ ಚಾಚಿ, ಹುಡುಗಿ ಹಿಡಿದಿದ್ದ ಮಷಿನ್ನಿನ ಬೆನ್ನು ಸವರತೊಡಗಿದಳು.