ಜೀಪಿನ ಹಗ್ಗ

ನನ್ನ ಮಾವ ನಿಜಗುಣಪ್ಪನವರನ್ನು ಕಳ್ಳ ಅಂದವರ ನಾಲಗೆ ಸೇದಿಹೋಗಲಿ ಎಂದು ಎಷ್ಟು ಸಲ ಬೈದಿದ್ದೇನೋ ನನಗೇ ಗೊತ್ತಿಲ್ಲ. ಆದರೆ ಹಾಗೆ ಮೊದಲು ಅಂದವರು ಬೇರೆ ಯಾರೂ ಅಲ್ಲ, ಅವರೇ. ಪೊಲೀಸ್ ಠಾಣೆಯಲ್ಲಿ, ಮಂದಿಯ ಎದುರಿಗೆ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕಳ್ಳ ನಾನೇ ಅಂದರು. ಈಗ ಯಾರನ್ನು ಬೈಯಲಿ ಹೇಳಿ.

ಮಾವ ಬೈಲಹೊಂಗಲದ ದನದ ಪೇಟೆಯಲ್ಲಿ ದಲ್ಲಾಳಿ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ತಮ್ಮ ಟವೆಲಿನ ಕೆಳಗೆ ಕೂಡಿಸಿ, ಬೆರಳು ಮುಟ್ಟಿಸಿ ಬೆಲೆ ಕಟ್ಟಿಸುತ್ತಿದ್ದರು. ನಿಜಗುಣಪ್ಪನ ಟವೆಲಿನಲ್ಲಿ ಆದ ಮಾತಿಗೆ ಕಾಗದ ಬೇಡ ಅಂತ ಸವದತ್ತಿಯಿಂದ ಕಿತ್ತೂರಿನ ತನಕ ಹೆಸರಿತ್ತು. ಪೇಟೆಯಲ್ಲಿ ಇನ್ನೊಂದು ಪದ್ಧತಿ ಇದೆ. ಎತ್ತು ಮಾರಿದವನು ಎತ್ತನ್ನು ಕೊಡುತ್ತಾನೆ, ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗವೂ ಹೋದರೆ ಅದರ ಬೆನ್ನಿಗೇ ಮನೆಯ ಲಕ್ಷ್ಮಿ ಹೊರಡುತ್ತಾಳೆ ಅಂತ ನಂಬಿಕೆ. ನಮ್ಮ ಮನೆಯಲ್ಲಿ ದೇವರ ಜಗಲಿಯ ಪಕ್ಕದ ಗೂಟಕ್ಕೆ ಅಂಥ ಹಳೆಯ ಹಗ್ಗಗಳು ಜೋತುಬಿದ್ದಿದ್ದವು. ಪ್ರತಿ ಸೋಮವಾರ ಅವಕ್ಕೆ ವಿಭೂತಿ. ಹೊಸದಾಗಿ ಮದುವೆಯಾಗಿ ಬಂದಾಗ ನಾನು ಒಮ್ಮೆ, ಏನು ಈ ಧೂಳು ಅಂತ ಅವನ್ನು ತೆಗೆದು ಒಗೆಯಲು ಹಾಕಿ, ಮಾವನ ಕೈಲಿ ಸರಿಯಾಗಿ ಬೈಸಿಕೊಂಡಿದ್ದೆ.

ನನ್ನ ಗಂಡ ನಿಂಗರಾಜ ದನದ ಕಡೆ ಹೋಗಲಿಲ್ಲ. ಒಂದು ಜೀಪು ಇಟ್ಟುಕೊಂಡು ಯಲ್ಲಮ್ಮನ ಗುಡ್ಡಕ್ಕೆ, ಮದುವೆ ದಿಬ್ಬಣಕ್ಕೆ ಮಂದಿ ಸಾಗಿಸುತ್ತಿದ್ದರು. ಎರಡು ಸಾವಿರದ ಒಂಬತ್ತರಲ್ಲಿ ನಮ್ಮವರು ಸರಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಆಯ್ಕೆಯಾದರು. ಗಾಡಿ ಓಡಿಸಿ ತೋರಿಸಿದ್ದಾಯಿತು, ಕಣ್ಣು ತೋರಿಸಿದ್ದಾಯಿತು. ಇವನ ಮೇಲೆ ಯಾವ ಕೇಸೂ ಇಲ್ಲ ಅಂತ ಪೊಲೀಸರು ಬರೆದು ಕಳಿಸುವುದೊಂದೇ ಬಾಕಿ. ಅದು ಹೋದರೆ ನೌಕರಿ ಕೈಯಲ್ಲಿ, ಅದರಲ್ಲಿ ಒಂದು ಚುಕ್ಕೆ ಬಿದ್ದರೂ ನೌಕರಿ ಕೈಬಿಟ್ಟಂತೆ. ವಯಸ್ಸಿನ ಮಿತಿ ಮುಗಿಯುತ್ತಾ ಬಂದಿತ್ತು, ಇನ್ನೊಮ್ಮೆ ಅರ್ಜಿ ಹಾಕುವ ಹಾಗಿರಲಿಲ್ಲ. ಮನೆಮಂದಿಯೆಲ್ಲ ಆ ಒಂದು ಕಾಗದದ ದಾರಿ ಕಾಯುತ್ತಿದ್ದೆವು.

ನೌಕರಿಗೆ ಹೋಗುವವರಿಗೆ ಜೀಪು ಯಾಕೆ, ಮಾರೋಣ ಅಂದೆವು. ಊರಿನ ದಲ್ಲಾಳಿಗಳು ಬೀದಿಗೆ ಬಿದ್ದ ಮಾಲು ಕೇಳಿದ ಹಾಗೆ ತೀರಾ ಕಡಿಮೆಗೆ ಕೇಳಿದರು. ಆಗ ಬಸ್ ನಿಲ್ದಾಣದ ಹತ್ತಿರ ಸೈಬರ್ ಕೆಫೆ ಇಟ್ಟಿದ್ದ ಅನ್ನಪೂರ್ಣಾ, ಹಳೆಯ ಸಾಮಾನು ಮಾರುವ ವೆಬ್‌ಸೈಟು ಇದೆ, ಫೋಟೊ ಹಾಕಿದರೆ ದೂರದೂರದವರು ಫೋನು ಮಾಡುತ್ತಾರೆ ಅಂದಳು. ಮಾವನಿಗೆ ಇದು ಪೂರ್ತಿ ಹೊಸದು. ಬರಿ ಗಾಡಿಯ ಫೋಟೊ ಹೇಗೆ ಹಾಕುತ್ತೀರಿ, ಮಾರುವವನ ಮುಖ ನೋಡದೆ ಯಾವನು ಕೊಳ್ಳುತ್ತಾನೆ ಅಂತ ಹಟ ಹಿಡಿದು, ರುಮಾಲು ಸುತ್ತಿಕೊಂಡು, ಎತ್ತಿನ ಹಿಣಿಲ ಮೇಲೆ ಕೈ ಇಟ್ಟಂತೆ ಜೀಪಿನ ಮೂತಿಯ ಮೇಲೆ ಕೈ ಇಟ್ಟು ನಿಂತರು. ಮನೆಯ ವಿಳಾಸ ಹಾಕಬೇಡಿ ಅಂತ ಅನ್ನಪೂರ್ಣಾ ಹೇಳಿದ್ದಕ್ಕೆ, ಮನೆ ಹೇಳಲು ನಾಚುವವನು ವ್ಯಾಪಾರಕ್ಕೆ ಯಾಕೆ ಬರಬೇಕು ಅಂದರು. ಫೋಟೊ, ವಿಳಾಸ, ಫೋನ್ ನಂಬರು, ಎಲ್ಲವೂ ಹೋಯಿತು.

ಫೋನುಗಳೋ, ಅಯ್ಯೋ ಶಿವನೇ. ಒಬ್ಬ ಹಿಂದಿಯಲ್ಲಿ ಮಾತಾಡಿದ. ಒಬ್ಬ ಜೀಪಿನ ಬದಲಿಗೆ ಎಮ್ಮೆ ಕೊಡುತ್ತೇನೆ ಅಂದ. ಕೊನೆಗೆ ಬಂದವನು ತೌಸೀಫ್. ರಾಮದುರ್ಗದ ಆಚೆಯ ಊರಿನವನು, ಊರಿನ ಹೆಸರು ಬೇಡ, ಇದರಲ್ಲಿ ಊರಿನ ತಪ್ಪಿಲ್ಲ. ಮಗ್ಗದ ಮನೆತನ. ಮಗ್ಗ ನಿಂತು ಹೋಗಿ, ಶಾಲೆ ಮಕ್ಕಳನ್ನು ಸಾಗಿಸಿ ಹೊಟ್ಟೆ ಹೊರೆಯಬೇಕು ಅಂತ ಬಂದಿದ್ದ. ಒಳ್ಳೆಯ ಹುಡುಗ, ಸುಳ್ಳು ಯಾಕೆ ಹೇಳಲಿ. ಬೆಲೆಯ ಮಾತು ಬಂದಾಗ ಮಾವ ರೂಢಿಯಂತೆ ಅವನ ಕೈಮೇಲೆ ಟವೆಲು ಹಾಕಿದರು. ಮೈಮೇಲೆ ಹಾವು ಬಿದ್ದವನ ಹಾಗೆ ಅವನು ಕೈ ಎಳೆದುಕೊಂಡ. ನಾವೆಲ್ಲ ನಕ್ಕೆವು. ಇವನಿಗೆ ಪೇಟೆಯ ರೀತಿ ಒಂದೂ ಗೊತ್ತಿಲ್ಲ ಅಂತ ಅವತ್ತೇ ತಿಳಿದಿತ್ತು.

ವ್ಯವಹಾರ ಚೊಕ್ಕಟವಾಗಿಯೇ ಆಯಿತು. ಕಾಗದಪತ್ರ ಅವನ ಹೆಸರಿಗೆ ಆದವು. ಹೊರಡುವಾಗ ಅವನು ಎರಡನೆಯ ಕೀಲಿ ಕೇಳಿದ. ಮಾವ ಜಗಲಿಯ ಕಡೆ ನೋಡಿದರು.

"ಅದು ನಮ್ಮನ್ಯಾಗ ಇರ್ಲಿ ತಮ್ಮಾ. ಅದನ್ನ ಕೊಡೂ ಪದ್ಧತಿ ಇಲ್ಲ."

ನನಗೆ ಸಿಟ್ಟು ಬಂತು. "ಮಾವಾರ, ಇದು ಎತ್ತಲ್ರಿ, ಗಾಡಿ. ಕೊಟ್ಟಬಿಡ್ರಿ" ಅಂದೆ.

"ಗಾಲಿ ಇದ್ರ ಏನಾತು? ಇಷ್ಟ ವರ್ಷ ನಮಗ ಅನ್ನ ಹಾಕೇತಿ" ಅಂದರು. ಮುದುಕ ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡು ತೌಸೀಫ್ ನಕ್ಕ. ನಮ್ಮವರೇ ಜೀಪು ಓಡಿಸಿಕೊಂಡು ಹೋಗಿ ಅವನ ಮನೆಯ ಮುಂದೆ ನಿಲ್ಲಿಸಿ, ಅಲ್ಲೇ ಉಂಡು ಬಂದರು. ಕೀಲಿಗೆ ದಾರ ಕಟ್ಟಿ, ವಿಭೂತಿ ಹಚ್ಚಿ, ಮಾವ ಹಗ್ಗಗಳ ನಡುವೆ ತೂಗುಹಾಕಿದರು.

ಫೋನು ಮಾತ್ರ ನಿಲ್ಲಲಿಲ್ಲ. ಮಾರಿ ಆಗಿದೆ ಅಂತ ನಮ್ಮವರು ಹೇಳಿ ಹೇಳಿ ಸಾಕಾದರು. ಜಾಹೀರಾತು ತೆಗೆಸಲು ಹೋದರೆ ಕೆಫೆಗೆ ಬೀಗ, ಅನ್ನಪೂರ್ಣಾ ಹೆರಿಗೆಗೆಂದು ಕಿತ್ತೂರಿನ ತವರಿಗೆ ಹೋಗಿದ್ದಳು. ಪೇಟೆಯಲ್ಲಾದರೆ ಎತ್ತು ಮಾರಿದ ಮೇಲೆ ಗೂಟ ಖಾಲಿ, ಖಾಲಿ ಗೂಟದ ಮುಂದೆ ನಿಂತು ಯಾರೂ ಬೆಲೆ ಕೇಳುವುದಿಲ್ಲ. ಈ ಕಂಪ್ಯೂಟರಿನಲ್ಲಿ ಎತ್ತು ಹೋದರೂ ಗೂಟದಲ್ಲಿ ಎತ್ತು ಕಾಣುತ್ತಲೇ ಇರುತ್ತದೆ ಅಂತ ನಮಗೆ ಹೇಗೆ ತಿಳಿಯಬೇಕು?

ಒಂದು ಬೆಳಿಗ್ಗೆ ತೌಸೀಫ್ ಎದ್ದು ನೋಡಿದರೆ ಮನೆಯ ಮುಂದೆ ಜೀಪು ಇರಲಿಲ್ಲ.

ಅದರ ಮರುದಿನ ಆ ಕಡೆಯ ಪೊಲೀಸ್ ಠಾಣೆಯ ಫೌಜದಾರ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ತೌಸೀಫನ ಕಣ್ಣು ಅತ್ತು ಅತ್ತು ಕೆಂಪಾಗಿದ್ದವು. ಗಾಜು ಒಡೆದ ಚೂರಿಲ್ಲ, ಸದ್ದು ಕೇಳಿದವರಿಲ್ಲ, ಕೀಲಿ ಇದ್ದವರೇ ಒಯ್ದಿದ್ದಾರೆ ಅಂದ ಫೌಜದಾರ. ಎರಡನೆಯ ಕೀಲಿ ಎಲ್ಲಿ ಅಂತ ಕೇಳಿದ. ಮಾವ ಮುಚ್ಚಿಡಲಿಲ್ಲ, ಬೆರಳು ಮಾಡಿ ಗೂಟ ತೋರಿಸಿದರು. ಹಗ್ಗದ ಕತೆ ಹೇಳಲು ಬಾಯಿ ತೆರೆದರು. ಫೌಜದಾರ ಎಲ್ಲಿಯವನೋ ಏನೋ, ಪೂರ್ತಿ ಕೇಳಲೇ ಇಲ್ಲ. ಕಿಸೆಯಿಂದ ಒಂದು ಹಾಳೆ ತೆಗೆದು ಮುಂದೆ ಹಿಡಿದ. ವೆಬ್‌ಸೈಟಿನ ಫೋಟೊ. ಮಾವ, ರುಮಾಲು, ಜೀಪು, ಕೆಳಗೆ ಮಾರಾಟಕ್ಕಿದೆ ಅಂತ ಬರಹ.

"ಮಾರಿದ ಗಾಡಿ ಇನ್ನೂ ಮಾರಾಕ ಇಟ್ಟೀರಲ್ಲ. ಎಷ್ಟ ಮಂದಿಗೆ ಮಾರಾವ್ರು?"

ನಮ್ಮವರು ಮುಂದೆ ಬಂದು, ಇಂಥ ಗಾಡಿಗೆ ಕೀಲಿಯೇ ಬೇಡ, ಸ್ಟೇರಿಂಗಿನ ಕೆಳಗಿನ ಎರಡು ವಾಯರ್ ಕೂಡಿಸಿದರೆ ಚಾಲೂ ಆಗುತ್ತದೆ ಅಂತ ವಿವರಿಸಿದರು. ಇದ್ದ ಸತ್ಯ ಅದೊಂದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವ ಹಾಗಾಯಿತು. ನಿನಗೆ ಬಹಳ ಗೊತ್ತಿದೆ, ಬಾ, ಉಳಿದದ್ದನ್ನು ಠಾಣೆಯಲ್ಲಿ ಹೇಳು ಅಂತ ಅವರ ತೋಳು ಹಿಡಿದು ಪೊಲೀಸ್ ಜೀಪಿಗೆ ಹತ್ತಿಸಿದ. ಇನ್ನೂ ಕೇಸು ಬರೆದಿಲ್ಲ, ಸಂಜೆಯೊಳಗೆ ಗಾಡಿ ಎಲ್ಲಿದೆ ಹೇಳದಿದ್ದರೆ ಬರೆಯುತ್ತೇನೆ ಅಂದು, ಗೂಟದ ಮೇಲಿನ ಕೀಲಿಯನ್ನೂ ತೆಗೆದುಕೊಂಡು ಹೋದ.

ಮಾವ, ನಾನು ಬಸ್ಸು ಹಿಡಿದೆವು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗದ ಕಡೆ ಹೋಗುವ ತನಕ ನಾನು ಬಡಬಡಿಸುತ್ತಲೇ ಇದ್ದೆ. ಕೀಲಿ ಕೊಟ್ಟಬಿಡ್ರಿ ಅಂದಿದ್ದೆ, ಕೇಳಲಿಲ್ಲ, ಈಗ ನಿಮ್ಮ ಮಗನ ನೌಕರಿ ನೀವೇ ತಿಂದಿರಿ ಅಂತ ಬಾಯಿಗೆ ಬಂದಂತೆ ಅಂದೆ. ಅವರು ತಲೆಯನ್ನಷ್ಟೇ ಆಡಿಸಿದರು. ಇಳಿಯುವಾಗ ಮಾತ್ರ, ಕೇಸು ಬರೆದರೆ ಆ ಕಾಗದ ಬರುವುದಿಲ್ಲ ಅಲ್ಲವೇ ಅಂತ ಕೇಳಿದರು. ಬರುವುದಿಲ್ಲ ಅಂದೆ.

ಠಾಣೆಯ ಒಳಗೆ ನಮ್ಮವರು ನೆಲದ ಮೇಲೆ ಕುಳಿತಿದ್ದರು. ಒಂದು ಕೆನ್ನೆ ಊದಿತ್ತು. ಮಾವ ಅವರ ಕಡೆ ನೋಡಲಿಲ್ಲ. ನೆಟ್ಟಗೆ ಫೌಜದಾರನ ಮೇಜಿನ ಮುಂದೆ ಹೋಗಿ ರುಮಾಲು ತೆಗೆದರು.

"ನನ್ನ ಮಗಗ ಏನೂ ಗೊತ್ತಿಲ್ರಿ ಸಾಹೇಬ್ರ. ಕೀಲಿ ಇಟಗೊಂಡಾಂವಾ ನಾನು. ಗಾಡಿ ಕಳವು ಮಾಡಿದಾಂವನೂ ನಾನ. ಮಾರೂದು ನನಗ ಮನಸಿದ್ದಿಲ್ಲ, ಹೊಟ್ಟಿ ಉರದಿತ್ತು."

ಗಾಡಿ ಎಲ್ಲಿ ಅಂತ ಕೇಳಿದಾಗ, ಒಬ್ಬ ಡ್ರೈವರನ ಕೈಲಿ ಗಾಡಿ ತರಿಸಿ ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿಗೆ ದೂಡಿಸಿದೆ, ಅವನ ಹೆಸರು ಹೇಳುವುದಿಲ್ಲ ಅಂದರು. ನಾನು ಸುಮ್ಮನಿರಲಿಲ್ಲ. ಎಲ್ಲಾ ಸುಳ್ಳು, ಮನೆಯ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಾ ಮಲಗಿದ್ದವರು ಅಂತ ಕೂಗಿದೆ. ನಮ್ಮವರು ಎದ್ದು ಬಂದು ಅಪ್ಪನ ಭುಜ ಹಿಡಿದು ಅಲುಗಾಡಿಸಿದರು. ಸೊಸೆ ಮಾವನ ಪರವಾಗಿ, ಮಗ ಅಪ್ಪನ ಪರವಾಗಿ ಅಲ್ಲದೆ ಇನ್ಯಾರ ಪರ ಹೇಳುತ್ತಾರೆ ಅಂದರು ಪೊಲೀಸರು. ಒಬ್ಬ ಕಳ್ಳ ತಾನಾಗಿ ಬಂದು ನಿಂತಿದ್ದಾನೆ, ಅವರಿಗೆ ಇನ್ನೇನು ಬೇಕಿತ್ತು. ಮಾವ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಸುಂದರವ್ವಾ, ಅವನ್ನ ಮನಿಗೆ ಕರಕೊಂಡು ಹೋಗವಾ. ಟವೆಲ್ ಕೆಳಗ ಮಾತು ಮುಗದೈತಿ."

ನಮ್ಮವರನ್ನು ಬಿಟ್ಟರು. ಹಿನ್ನೀರಿನ ದಂಡೆಯಲ್ಲಿ ಮಾವನನ್ನು ಬೇಡಿ ಹಾಕಿ ನಿಲ್ಲಿಸಿದರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಗೆ ಉದ್ದನೆಯ ಹಗ್ಗ ಕಟ್ಟಿ ನೀರೊಳಗೆ ಎಸೆದು ಎಳೆದರು. ಬಂದದ್ದು ಜೇಕಿನ ಹುಲ್ಲು, ಹರಕು ಬಲೆ. ಇಲ್ಲಲ್ಲ, ಅಲ್ಲಿ ಅಂತ ಮಾವ ಬೇರೆ ಕಡೆ ತೋರಿಸುತ್ತಿದ್ದರು, ಪ್ರತಿ ಸಲವೂ ಬೆನ್ನಿಗೆ ಒಂದು ಏಟು ಬೀಳುತ್ತಿತ್ತು. ನೋಡಲು ಮಂದಿ ಸೇರಿದ್ದರು. ಅದರಲ್ಲಿ ನಮ್ಮ ಪೇಟೆಯ ಮಂದಿಯೂ ಇದ್ದರು ಅಂತ ಆಮೇಲೆ ಗೊತ್ತಾಯಿತು. ಪತ್ರಿಕೆಯಲ್ಲಿ ಸುದ್ದಿ ಬಂತು. ಫೋಟೊ ಯಾವುದು ಅಂದುಕೊಂಡಿರಿ? ಅದೇ. ರುಮಾಲು ಸುತ್ತಿ, ಜೀಪಿನ ಮೂತಿಯ ಮೇಲೆ ಕೈ ಇಟ್ಟು, ನನ್ನ ಮುಖ ನೋಡಿ ಕೊಳ್ಳಿರಿ ಅಂತ ನಿಂತದ್ದು.

ಪೊಲೀಸರ ಕಾಗದ ಬಂತು, ಒಂದು ಚುಕ್ಕೆ ಇಲ್ಲದೆ ಬಂತು. ನಮ್ಮವರು ಖಾಕಿ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದರು. ಮೊದಲ ದಿನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಸಣ್ಣ ಮಕ್ಕಳ ಹಾಗೆ ಅತ್ತರು. ಹೋಗುವುದಿಲ್ಲ ಅಂದರು. ಹೋಗದಿದ್ದರೆ ಆ ಮುದುಕ ತಿಂದ ಏಟು ನೀರುಪಾಲು ಅಂತ ನಾನೇ ಬೈದು ಕಳಿಸಿದೆ.

ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದ ಮೇಲೆ ಮಾವ ಎಂದಿನಂತೆ ಪೇಟೆಗೆ ಹೋದರು. ಯಾರೂ ಬೈಯಲಿಲ್ಲ, ಚಹಾ ಸಹ ಕೊಡಿಸಿದರಂತೆ. ಆದರೆ ಅವರ ಟವೆಲಿನ ಕೆಳಗೆ ಕೈ ಇಡಲು ಒಬ್ಬನೂ ಬರಲಿಲ್ಲ. ಇಳಿಹೊತ್ತಿನ ತನಕ ಟವೆಲು ಹೆಗಲ ಮೇಲೆ ಹಾಕಿಕೊಂಡು ಕುಳಿತು ಮನೆಗೆ ಬಂದರು. ಆಮೇಲೆ ಹೋಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಜೀಪು ಸಿಕ್ಕಿತು. ಮಿರಜದ ಕಡೆ ಒಂದು ಕಳ್ಳರ ಗುಂಪು ಸಿಕ್ಕಿಬಿತ್ತು, ಅವರ ಶೆಡ್ಡಿನಲ್ಲಿ ಇಂಥವೇ ಹಲವು ಗಾಡಿ. ಎಲ್ಲದರ ಸ್ಟೇರಿಂಗಿನ ಕೆಳಗೆ ವಾಯರ್ ಕಿತ್ತು ಹೆಣೆದಿತ್ತು. ವೆಬ್‌ಸೈಟಿನಲ್ಲಿ ಜಾಹೀರಾತು ನೋಡಿ ಕೊಳ್ಳುವವರಂತೆ ಫೋನು ಮಾಡಿ, ಗಾಡಿ ಯಾವ ಊರಿಗೆ ಹೋಯಿತು ಅಂತ ಮಾತಿನಲ್ಲೇ ಕೇಳಿಕೊಂಡು ಹೋಗಿ ಒಯ್ಯುತ್ತಿದ್ದರಂತೆ. ಅಂಥ ಒಬ್ಬನಿಗೆ ನಮ್ಮವರೇ, ರಾಮದುರ್ಗದ ಕಡೆ ತೌಸೀಫ್ ಅಂತ ಒಳ್ಳೆಯ ಹುಡುಗನಿಗೆ ಕೊಟ್ಟೆವು ಅಂತ ನಂಬಿ ಹೇಳಿದ್ದರು. ಕೋರ್ಟು ಮಾವನನ್ನು ಬಿಟ್ಟಿತು. ಪತ್ರಿಕೆಯಲ್ಲಿ ಅದೂ ಬಂತು, ಬೆರಳಗಲ ಬಂತು, ಫೋಟೊ ಇರಲಿಲ್ಲ.

ಆ ವಾರ ತೌಸೀಫನ ತಂದೆ ರಹಿಮಾನಸಾಬರು ನಮ್ಮ ಮನೆಗೆ ಬಂದರು. ಠಾಣೆಯಿಂದ ಮರಳಿ ಕೊಟ್ಟ ಆ ಕೀಲಿ ಅವರ ಕೈಯಲ್ಲಿತ್ತು, ದಾರವೂ ಹಾಗೇ ಇತ್ತು. ಮಗ್ಗಕ್ಕೆ ಕೂರುವ ಮುಂಚೆ ಅವರು ಎತ್ತಿನ ಬಂಡಿ ಹೊಡೆದವರಂತೆ. ಕಳವಾದಾಗ ಸವದತ್ತಿಯಲ್ಲಿ ಮಗಳ ಮನೆಯಲ್ಲಿದ್ದರು. ಮಾವನ ಎದುರಿಗೆ ಕುಳಿತರು.

"ಕೀಲಿ ಸುದ್ದಿ ಹುಡುಗ ನನಗ ಹೇಳಿದ್ದಿಲ್ಲ ಗೌಡ್ರ. ಹೇಳಿದ್ರ, ಅದು ಕೀಲಿ ಅಲ್ಲಲೇ, ಹಗ್ಗ ಅಂತ ಅವತ್ತ ಹೇಳತಿದ್ದೆ."

ಕೀಲಿಯನ್ನು ಮಾವನ ಕಡೆ ಚಾಚಿದರು. ಮಾವ ಎರಡೂ ಕೈ ಹಿಂದೆ ಕಟ್ಟಿಕೊಂಡರು. ನಿಮ್ಮ ಗಾಡಿಯದು, ನೀವೇ ಒಯ್ಯಿರಿ ಅಂದರು. ರಹಿಮಾನಸಾಬರು ಕಣ್ಣೊರೆಸಿಕೊಂಡು ಕೀಲಿ ಕಿಸೆಗೆ ಹಾಕಿಕೊಂಡರು. ನಾನು ಅವರಿಗೆ ಚಹಾ ಕೊಟ್ಟೆ.

ಸಂಕ್ರಾಂತಿ ಆದ ಮೇಲೆ ನಮ್ಮ ಆಕಳು ಮಾರಿದೆವು. ಕೊಂಡವನು ಹಣಮಂತಪ್ಪ ಅಂತ ನಮ್ಮೂರಿನವನೇ, ಪದ್ಧತಿಯಂತೆ ತನ್ನ ಹಗ್ಗ ತಂದಿದ್ದ. ಮಾವ ಆಕಳ ಕೊರಳಿನ ನಮ್ಮ ಹಗ್ಗ ಬಿಚ್ಚಲಿಲ್ಲ. ಅದರ ತುದಿಯನ್ನು ಅವನ ಕೈಗೆ ಕೊಟ್ಟರು. ಹಣಮಂತಪ್ಪ ಹೆದರಿ, ಬ್ಯಾಡ್ರಿ ಯಜಮಾನ್ರ, ಹಂಗ ಕೊಡಬಾರದು ಅಂತ ಹಿಂದೆ ಸರಿದ.

"ಹಗ್ಗಾನೂ ಒಯ್ಯಿ" ಅಂದರು ಮಾವ. "ನಾಳೆ ಆಕಳ ಕಳದ್ರ ನನ್ನ ಮನಿಗೆ ಬರಬ್ಯಾಡ."

ಆಮೇಲೆ ಒಳಗೆ ಹೋಗಿ ಗೂಟದ ಮೇಲಿನ ಹಗ್ಗಗಳನ್ನೆಲ್ಲ ತೆಗೆದು, ಸುತ್ತಿ, ಹಿತ್ತಲಲ್ಲಿ ಇಟ್ಟು ಬೆಂಕಿ ಹಚ್ಚಿದರು. ತಡೆಯಲು ಹೋದೆ, ಅವರ ಮುಖ ನೋಡಿ ಹಿಂದೆ ಸರಿದೆ. ಆ ಗೂಟಕ್ಕೆ ಈಗ ನಮ್ಮವರ ಖಾಕಿ ಅಂಗಿ ತೂಗುಹಾಕುತ್ತೇವೆ.