ಮಠದ ಮೆಟ್ಟಿಲ ಫರಸಿ

ಭಾಗ್ಯಶ್ರೀ ಮಠದ ಅಂಗಳಕ್ಕೆ ಬಂದಾಗ ಕಲ್ಲು ಕೆತ್ತುವ ಚಂದ್ರಾಮಪ್ಪ ಮೆಟ್ಟಿಲಿಗೆ ಹಾಸಿದ ಹೊಸ ಫರಸಿ ಕಲ್ಲುಚಪ್ಪಡಿಯ ಪುಡಿ ಒರೆಸುತ್ತಿದ್ದ. ‘ವ್ಯೋಮಯಾನ ಸಂಶೋಧನೆಗೆ ಪ್ರಶಸ್ತಿ ಪಡೆದ ಭಾಗ್ಯಶ್ರೀ, ಬಸವಂತರಾಯರ ಸೊಸೆ’ ಎಂದು ಅದರ ಮೇಲೆ ಕೆತ್ತಿದ್ದ. ಆ ಮಠದಲ್ಲಿ ಹೆಸರು ಗೋಡೆಗೇರುವುದಿಲ್ಲ. ಶರಣರ ಪಾದಧೂಳಿ ಬೀಳಲೆಂದು ಮೆಟ್ಟಿಲಿಗೇ ಕೆತ್ತಿಸುವುದು ಪದ್ಧತಿ. ಅದಕ್ಕಿಂತ ದೊಡ್ಡ ಮರ್ಯಾದೆ ಮಾವ ಬಸವಂತರಾಯರಿಗೆ ಗೊತ್ತಿರಲಿಲ್ಲ.

"ಚಂದ್ರನ ಮ್ಯಾಲ ಮನಿ ಕಟ್ಟಾಕ ಫರಸಿ ನಮ್ಮ ಶಾಬಾದಿಂದೇ ಒಯ್ರಿ ಟೀಚರ್ರ," ಎಂದು ಚಂದ್ರಾಮಪ್ಪ ನಕ್ಕ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಲೇ ಆಕೆ ಆರು ವರ್ಷ ಕಲ್ಲುಪುಡಿಯನ್ನು ಮಸೂರದಿಂದ ಕೂಡಿಸಿದ ಬಿಸಿಲ ಕಾವಿಗೆ ಹಿಡಿದು ಗಟ್ಟಿಮಾಡಿ ನೋಡಿದ್ದಳು. ಚಂದ್ರನ ಮಣ್ಣಿನಿಂದಲೇ ಅಲ್ಲಿ ಗೋಡೆ ಎಬ್ಬಿಸಬಹುದೇ ಎಂಬುದು ಅವಳ ಹುಡುಕಾಟ. ಸಂಸ್ಥೆಯೊಂದು ಈ ವರ್ಷ ಮೊದಲ ಸಲ ಕೊಟ್ಟ ಪ್ರಶಸ್ತಿ ಅವಳಿಗೇ ಬಂತು. ಜೊತೆಗೆ ಪುಣೆಯ ಪ್ರಯೋಗಾಲಯದಲ್ಲಿ ಎರಡು ವರ್ಷದ ಕೆಲಸ. ಒಪ್ಪಿಗೆ ಪತ್ರವನ್ನು ಇವತ್ತೇ, ಸಂಸ್ಥೆಯಿಂದ ಬಂದಿದ್ದ ರಮೇಶಕುಮಾರರ ಕೈಗೆ ಕೊಡಬೇಕು. ಸಹಿ ಹಾಕಿದ ಪತ್ರ ಸೆರಗಿನೊಳಗೆ ಬೆವರಿಗೆ ಮೆತ್ತಗಾಗುತ್ತಿತ್ತು.

ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಮಾವನಿಗೆ ಪುಣೆಗೆ ಹೋಗುವ ವಿಷಯ ಹೇಳಿದ್ದಳು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎದುರು ನಿಲ್ಲಬಹುದಿತ್ತು.

"ಪ್ರಶಸ್ತಿ ತಾನೇ ಮನಿತನಕ ನಡಕೊಂಡು ಬಂದದಲ್ಲಾ ಯವ್ವಾ. ಇನ್ನ ಎಲ್ಲಿ ಹುಡಿಕ್ಯಾಡಕೋತ ಹೋಗ್ತಿ?"

ಗಂಡ ಸಂಗಮೇಶ್ವರ ಚಹದ ಬಸಿಯಿಂದ ತಲೆ ಎತ್ತಿರಲಿಲ್ಲ.

ಪೂಜೆಯಾಯಿತು, ಶಾಲು ಹೊದಿಸಿದ್ದಾಯಿತು. ಅವಳು ರಮೇಶಕುಮಾರರತ್ತ ಹೊರಳುವಷ್ಟರಲ್ಲಿ ಮಾವ ಮೈಕು ಹಿಡಿದಿದ್ದರು. ಹೆಮ್ಮೆಗೆ ಅವರ ದನಿ ಏರಿತ್ತು.

"ನಮ್ಮ ಭಾಗ್ಯಾ ಮಠ-ಮನಿ ಬಿಟ್ಟು ಎಲ್ಲೀ ಹೋಗಂಗಿಲ್ರಿ. ಪುಣಾ ಒಲ್ಲೆ ಅಂದಾಳ."

ಅಂಗಳದ ತುಂಬ ಕೈಗಳು ಶರಣೆಂದು ಮೇಲೆದ್ದವು. ಅತ್ತೆ ವಿಮಲಾಬಾಯಿ ಕಣ್ಣೊರೆಸಿಕೊಂಡರು. ರಮೇಶಕುಮಾರರು ಹೌದೇ ಎಂಬಂತೆ ಅವಳನ್ನು ನೋಡಿದರು. ಅಷ್ಟು ಕೈಗಳೆದುರು ಅವಳ ಕೈಗಳೂ ತಾವಾಗಿಯೇ ಕೂಡಿಕೊಂಡವು. ರಮೇಶಕುಮಾರರು ಅದನ್ನೇ ಹೌದೆಂದು ತಿಳಿದು ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿ, ಪ್ರಸಾದ ಉಂಡು, ವಾಡಿ ಜಂಕ್ಷನ್ನಿಗೆ ಹೋಗಿ ರೈಲು ಹಿಡಿಯಬೇಕೆಂದು ಎದ್ದರು.

ಜನ ಒಬ್ಬೊಬ್ಬರಾಗಿ ಫರಸಿ ತುಳಿದು ಇಳಿದುಹೋದರು. ಚಂದ್ರಾಮಪ್ಪ ಚಾಣ, ಸುತ್ತಿಗೆ ಚೀಲಕ್ಕೆ ತುಂಬುತ್ತಿದ್ದ.

"ಈ ಅಕ್ಷರ ಎಷ್ಟು ವರ್ಷಕ್ಕ ಸವೀತಾವ ಚಂದ್ರಾಮಪ್ಪ?" ಭಾಗ್ಯಶ್ರೀ ಕೇಳಿದಳು.

ಅವನಿಗೆ ಚುಚ್ಚಿದಂತಾಯಿತು. "ಏನ್ ಮಾತ್ರಿ ಇದು. ಭಾಳ ಆಳ ಹೊಡದೀನ್ರಿ. ನೀವು ಇರೋತನಕ ಏನೂ ಆಗಂಗಿಲ್ಲ."

ಕೆಳಗಿನಿಂದ ಅತ್ತೆ ಕರೆಯುತ್ತಿದ್ದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ತನ್ನ ಹೆಸರು ತಪ್ಪಿಸಿ ಕಾಲಿಡಲು ಅವಳು ಜಾಗ ನೋಡಿದಳು. ಅಕ್ಷರಗಳು ಈ ಅಂಚಿನಿಂದ ಆ ಅಂಚಿನವರೆಗೂ ಇದ್ದವು.