ಕಿಯೋಷಿಗೆ ಇಟ್ಟ ರವೆಉಂಡೆ

"ತಂಗಿ ಮದುವೆ ನಿಶ್ಚಯ ಆಯ್ತೇನೋ?" ಎಂದು ಮನೆಯೊಡತಿ ತೊಮಿಯೆ ಕೇಳಿದಾಗ ಶಿರೀಷ್ "ಹೂಂ" ಎಂದುಬಿಟ್ಟ.

ಅವನ ಕೈಯಲ್ಲಿ ರವೆಉಂಡೆಯ ಡಬ್ಬಿಯಿತ್ತು. ಗೆಳೆಯರ ಕೋಣೆಯಲ್ಲಿ ರಾತ್ರಿ ಕಳೆದು, ಮೈತುಂಬ ತುಪ್ಪದ ವಾಸನೆ ಹೊತ್ತು ಬಂದವನು ಸದ್ದಿಲ್ಲದೆ ಮಹಡಿಯ ತನ್ನ ಬಾಡಿಗೆ ಕೋಣೆಗೆ ಹತ್ತುವ ಹವಣಿಕೆಯಲ್ಲಿದ್ದ. ಅವಳು ಬಾಗಿಲಲ್ಲೇ ಹಿಡಿದಳು. ಹಿಂದಿನ ಸಂಜೆ ಇಂಡಿಯಾ ಮರಳುಗಾಡಿನ ನೆಲದಡಿ ಅಣುಬಾಂಬು ಸಿಡಿಸಿತ್ತು. ನಾಗಪುರದಿಂದ ಅವನಪ್ಪ ಫೋನಿನಲ್ಲಿ ಬೀದಿಯ ಪಟಾಕಿಯ ಸದ್ದು ಕೇಳಿಸಿದ್ದ. ಉಂಡೆ ಕಟ್ಟಿದ್ದು ಆ ಸಂತೋಷಕ್ಕೆ. ಹಿರೋಷಿಮಾದಲ್ಲಿ, ಅದೂ ಈ ಮುದುಕಿಯೆದುರು ನಿಂತು ಅದನ್ನು ಹೇಳುವ ಎದೆಗಾರಿಕೆ ಯಾರಿಗಿದ್ದೀತು? ಊರಿಂದ ಒಳ್ಳೆ ಸುದ್ದಿ ಎಂದಷ್ಟೇ ಉಸುರಿ ಡಬ್ಬಿ ಕೊಟ್ಟ. ಮದುವೆಯನ್ನು ಅವಳೇ ಸೇರಿಸಿಕೊಂಡಳು.

ಆ ಮನೆಯಲ್ಲಿ ಬಂದದ್ದೆಲ್ಲ ಮೊದಲು ಸತ್ತವರಿಗೆ. ಅನ್ನವಾಗಲಿ ಹಣ್ಣಾಗಲಿ, ಬುದ್ಧಪೀಠದ ಮುಂದಿಟ್ಟು ಕೈಮುಗಿಯದೆ ಯಾರೂ ಬಾಯಿಗೆ ಹಾಕುವಂತಿಲ್ಲ. ಪೇಪರು, ಟೀವಿ ಎಲ್ಲ ಆಮೇಲೆ. ಪೀಠದಲ್ಲಿ ಅವಳ ತಮ್ಮ ಕಿಯೋಷಿಯ ಫೋಟೋ ಇತ್ತು. ಹನ್ನೆರಡು ವರ್ಷದ ಹುಡುಗ. ಬಾಂಬು ಬಿದ್ದ ಬೆಳಿಗ್ಗೆ, ದಾಳಿಯಾದರೆ ಬೆಂಕಿ ಹರಡದಿರಲೆಂದು ಶಾಲೆಯವರ ಜೊತೆ ಮನೆ ಕೆಡವುವ ಕೆಲಸಕ್ಕೆ ಹೋದವನ ಒಂದು ಮೂಳೆಯೂ ಸಿಗಲಿಲ್ಲ. ಯುದ್ಧದ ಕಾಲದಲ್ಲಿ ಸಕ್ಕರೆ ಎಲ್ಲಿತ್ತು? ಸಿಹಿಗೆ ಬಾಯಿಬಾಯಿ ಬಿಡುತ್ತಲೇ ಹೋದ. ಹಾಗಾಗಿ ತೊಮಿಯೆ ತಟ್ಟೆ ತುಂಬ ಉಂಡೆ ಜೋಡಿಸಿದಳು.

"ತಿನ್ನೋ ಕಿಯೋ. ನಮ್ಮ ಹುಡುಗನ ತಂಗಿ ಮದುವೆಯಂತೆ."

ಅಷ್ಟರಲ್ಲಿ ಪಕ್ಕದ ಬೀದಿಯ ಸಕೊದಾ ಬಂದ. ಎಲ್ಲೇ ಬಾಂಬಿನ ಪರೀಕ್ಷೆಯಾದರೂ ಸತ್ತವರ ಸ್ಮಾರಕದ ಮುಂದೆ ಧರಣಿ ಕೂರುವವರಲ್ಲಿ ಇವರಿಬ್ಬರೂ ಹಳಬರು. ಸಕೊದಾನ ಕಂಕುಳಲ್ಲಿ ಕೂರುವ ದಿಂಬು ಇದ್ದದ್ದನ್ನು ಅವಳು ಗಮನಿಸಲಿಲ್ಲ. ಪೀಠದಿಂದ ಒಂದು ಉಂಡೆ ತೆಗೆದು ಅವನ ಕೈಗಿಟ್ಟಳು. ಅವನು ಇಡಿಯಾಗಿ ಬಾಯಿಗೆ ಹಾಕಿಕೊಂಡ.

"ಆಹಾ! ಯಾರು ಮಾಡಿದ್ದು?"

"ಮಹಡಿ ಮೇಲಿನವನು. ಊರಲ್ಲಿ ಏನೋ ಸಂಭ್ರಮ."

ಸಕೊದಾನ ದವಡೆ ನಿಂತಿತು. "ಟೀವಿ ಹಾಕಿಲ್ವಾ ನೀನು? ಮಧ್ಯಾಹ್ನ ಧರಣಿ ಇದೆ, ಕರೆಯೋಕೇ ಬಂದೆ. ಈ ಸಲ ಬಾಂಬು ಸಿಡಿಸಿದ್ದು ನಿನ್ನ ಮಹಡಿ ಮೇಲಿನ ರಾಜಕುಮಾರನ ದೇಶ ಕಣಮ್ಮ."

ಬಾಯಲ್ಲಿದ್ದದ್ದನ್ನು ಅವನು ಉಗುಳುವಂತಿರಲಿಲ್ಲ, ಸತ್ತವರ ಎದುರು. ಕಣ್ಣು ಮುಚ್ಚಿ ನುಂಗಿದ.

ಅವಳು ಧರಣಿಗೆ ಹೋದಳು. ಎರಡು ವರ್ಷದ ಹಿಂದೆ, ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಎಲ್ಲ ದೇಶಗಳೂ ಒಪ್ಪಲಿ ಎಂದು ಅವಳು ಪೇಟೆಯಲ್ಲಿ ಸಹಿ ಕೇಳುತ್ತ ನಿಂತಾಗ ಫಲಕ ಹಿಡಿದು ಪಕ್ಕದಲ್ಲಿ ನಿಂತವನು ಇದೇ ಶಿರೀಷ್. ಅವಳಿಗೆ ಮಕ್ಕಳಿರಲಿಲ್ಲ. ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡ ದಿನ ಅವಳಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಈಗ ಬಿಸಿಲಲ್ಲಿ ಕೂತವಳಿಗೆ ಬಾಂಬಿಗಿಂತ ಆ ಒಂದು "ಹೂಂ" ಹೆಚ್ಚು ಸುಡುತ್ತಿತ್ತು.

ಸಂಜೆ ಮನೆಗೆ ಬಂದಾಗ ಶಿರೀಷ್ ಚಾಪೆಯ ಮೇಲೆ ಮಂಡಿಯೂರಿ ಕಾಯುತ್ತಿದ್ದ.

"ತಪ್ಪಾಯ್ತು ಅಜ್ಜಿ. ಅದನ್ನ ಬಿಸಾಡಿಬಿಡ್ತೀನಿ."

"ಕಿಯೋಷಿ ಉಂಡಿದ್ದನ್ನ ಬಿಸಾಡೋಕಾಗುತ್ತಾ? ಅವನು ಬಿಟ್ಟಿದ್ದನ್ನ ಮನೆಯೋರು ತಿಂದು ಮುಗಿಸಬೇಕು."

ಅವಳು ತಟ್ಟೆ ಇಳಿಸಿ ಇಬ್ಬರ ನಡುವೆ ಇಟ್ಟಳು. ಅವನು ಕೈ ಚಾಚಲಿಲ್ಲ. ಅವಮಾನಕ್ಕೋ ಹಟಕ್ಕೋ, ಮಾತಿಗಿಳಿದ. "ದೊಡ್ಡ ದೇಶಗಳು ತಮ್ಮದನ್ನ ಬಚ್ಚಿಟ್ಕೊಂಡು ನಮಗೆ ಮಾತ್ರ ಬುದ್ಧಿ ಹೇಳ್ತಾವೆ. ನಿಮ್ಮ ಸರ್ಕಾರವೂ ಅಮೆರಿಕದ ಬಾಂಬಿನ ನೆರಳಲ್ಲೇ ಬೆಚ್ಚಗೆ ಕೂತಿಲ್ವಾ?"

"ಕೂತಿದೆ. ಅದಕ್ಕೂ ಧರಣಿ ಕೂತಿದೀನಿ. ನಮ್ಮೋರೇ ತಿರುಗಿ ನೋಡಲಿಲ್ಲ, ಇನ್ನು ನಿಮ್ಮೋರು ನೋಡ್ತಾರಾ?"

"ಮತ್ತೆ ನನ್ನ ಮೇಲೆ ಯಾಕಜ್ಜಿ ಸಿಟ್ಟು? ನಾನೇನು ಬಾಂಬ್ ಮಾಡಿದ್ನಾ?"

"ಮಾಡೋರು ಮಾಡ್ಕೊಂಡು ಸಾಯ್ಲಿ." ಅವಳು ಪೀಠದ ಕಡೆ ಕೈ ತೋರಿದಳು. "ಅದರ ಸಿಹೀನ ಕಿಯೋಷಿಗೆ ನನ್ನ ಕೈಯಿಂದ ತಿನ್ನಿಸಿದೆಯಲ್ಲೋ! ನಾನೇ, ತಿನ್ನೋ ತಿನ್ನೋ ಅಂತ ಮುದ್ದು ಮಾಡಿ ತಿನ್ನಿಸಿದೆ."

ಶಿರೀಷ್ ತಲೆ ತಗ್ಗಿಸಿ ಒಂದು ಉಂಡೆ ಎತ್ತಿಕೊಂಡ. ಅವಳೂ ಒಂದನ್ನು ಎತ್ತಿಕೊಂಡಳು. ಇಬ್ಬರೂ ಅಗಿದರು. ರವೆ ಹದವಾಗಿ ಹುರಿದಿತ್ತು, ಏಲಕ್ಕಿ ಘಮಘಮ ಎನ್ನುತ್ತಿತ್ತು. ತಿನ್ನಲಾಗದಷ್ಟು ಕೆಟ್ಟದಾಗಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಅವನ ಗಂಟಲಲ್ಲಿ ಸಿಕ್ಕಿದಾಗ ಅವಳು ಎದ್ದು ಚಹಾ ಬಗ್ಗಿಸಿ ಕೊಟ್ಟಳು. ಕೊಟ್ಟ ಮೇಲೆ ತನ್ನ ಕೈಯ ಮೇಲೆಯೇ ಅವಳಿಗೆ ಸಿಟ್ಟು ಬಂತು.

ತಟ್ಟೆ ಖಾಲಿಯಾಯಿತು.

"ಬೇರೆ ಕೋಣೆ ನೋಡ್ಕೊಳ್ಳಿ" ಎಂದಳು. ಅಷ್ಟು ವರ್ಷದಲ್ಲಿ ಅವನನ್ನು ಎಂದೂ ಹೀಗೆ ಮರ್ಯಾದೆ ಕೊಟ್ಟು ಮಾತಾಡಿಸಿರಲಿಲ್ಲ.

ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಎದ್ದು ಮೆಟ್ಟಿಲು ಹತ್ತಿದ. ತೊಮಿಯೆ ತಟ್ಟೆಗಂಟಿದ ರವೆಯನ್ನು ಒದ್ದೆ ಬೆರಳಿಗೆ ಹತ್ತಿಸಿಕೊಂಡು, ಒಂದು ಕಾಳೂ ಉಳಿಯದಂತೆ ನೆಕ್ಕುತ್ತ ಕೂತಳು.